ಬೋಧನಾ ಆಸ್ಪತ್ರೆಯ ಮುಖ್ಯಸ್ಥರು ಯಾವ ದಾರಿಯಿಂದ ಬರುತ್ತಾರೆ?

ಹಳೆಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ನಿರ್ದೇಶಕರ ಕೊಠಡಿಯ ಗೋಡೆಯ ಮೇಲೆ ಸಾಮಾನ್ಯವಾಗಿ ಒಂದು ಮರದ ಹಲಗೆ ಇರುತ್ತದೆ. ಕಂದು ಬಣ್ಣದ ಮೇಲೆ ಬಿಳಿಯ ಅಕ್ಷರಗಳಲ್ಲಿ ಈವರೆಗೆ ಆ ಕುರ್ಚಿಯಲ್ಲಿ ಕುಳಿತವರ ಹೆಸರು, ಹೆಸರಿನ ಪಕ್ಕ ಪದವಿಗಳು, ಆಮೇಲೆ ‘ಇಂದ’ ಮತ್ತು ‘ವರೆಗೆ’ ಎಂಬ ಎರಡು ಕಾಲಂಗಳು. ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರ ಕಾಗದಕ್ಕೆ ಸಹಿ ಹಾಕಿಸಲು ಅಂಥ ಒಂದು ಕೊಠಡಿಯಲ್ಲಿ ಸುಮಾರು ಒಂದು ತಾಸು ಕಾಯಬೇಕಾಗಿ ಬಂದಾಗ, ಬೇರೆ ಕೆಲಸವಿಲ್ಲದೆ ಆ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಮೇಲಿನ ಹೆಸರುಗಳು ಐದಾರು ವರ್ಷ ಕುಳಿತವರದು. ಕೆಳಕ್ಕೆ ಬಂದಂತೆ ಅವಧಿ ಚಿಕ್ಕದಾಗುತ್ತ ಹೋಗಿ, ‘ಪ್ರಭಾರ’ ಎಂಬ ಪದ ಮತ್ತೆ ಮತ್ತೆ ಕಾಣಿಸಿಕೊಳ್ಳತೊಡಗಿತು. ಒಬ್ಬರಂತೂ ನಾಲ್ಕು ತಿಂಗಳಿಗೇ ಮುಗಿಸಿದ್ದರು.

ಆ ಹಲಗೆ ಎರಡು ಸಂಗತಿಗಳನ್ನು ಮಾತ್ರ ದಾಖಲಿಸುತ್ತದೆ: ಅವರು ಏನು ಓದಿದ್ದರು, ಎಷ್ಟು ದಿನ ಇದ್ದರು. ಒಂದು ಬೋಧನಾ ಆಸ್ಪತ್ರೆಯನ್ನು ನಡೆಸುವ ಕೆಲಸವನ್ನು ಅವರು ಎಲ್ಲಿ ಕಲಿತರು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಹಲಗೆ ಬರೆಸಿದವರ ಲೋಪ ಇದಲ್ಲ. ನಮ್ಮ ನೇಮಕಾತಿಯ ನಿಯಮಗಳಲ್ಲೂ ಆ ಪ್ರಶ್ನೆಗೆ ಹೆಚ್ಚಿನ ಜಾಗವಿಲ್ಲ.

ಮೊದಲು ಆಸ್ಪತ್ರೆಯ ‘ಮುಖ್ಯಸ್ಥರು’ ಎಂದರೆ ಯಾರು ಎಂಬುದನ್ನು ಬಿಡಿಸಿಕೊಳ್ಳಬೇಕು. ಕರ್ನಾಟಕದ ಸ್ವಾಯತ್ತ ವೈದ್ಯಕೀಯ ಸಂಸ್ಥೆಗಳಲ್ಲಿ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುವ ಐದು ಜನರಿದ್ದಾರೆ, ಮತ್ತು ಐವರೂ ಬೇರೆ ಬೇರೆ ದಾರಿಗಳಿಂದ ಬಂದವರು. ನಿರ್ದೇಶಕರು ಪ್ರಾಧ್ಯಾಪಕ ವೃತ್ತಿಯಿಂದ ಮೇಲೆ ಬಂದವರು. ಎಷ್ಟೋ ಕಡೆ ಡೀನ್ ಕೂಡ ಅವರೇ. ಪ್ರಾಂಶುಪಾಲರ ಹುದ್ದೆ ಬೇರೆ ಇರುವ ಕಡೆ ಅವರದು ಪಾಠ, ಪರೀಕ್ಷೆ, ವಿದ್ಯಾರ್ಥಿಗಳ ಲೋಕ. ವೈದ್ಯಕೀಯ ಅಧೀಕ್ಷಕರು ಆಸ್ಪತ್ರೆಯ ದಿನನಿತ್ಯದ ಹೊಣೆ ಹೊತ್ತವರು. ಮುಖ್ಯ ಆಡಳಿತಾಧಿಕಾರಿ ಸಾಮಾನ್ಯವಾಗಿ ಕೆ.ಎ.ಎಸ್. ಅಧಿಕಾರಿ, ಹಿಂದಿನ ಹುದ್ದೆಯಲ್ಲಿ ಉಪವಿಭಾಗಾಧಿಕಾರಿಯಾಗಿ ಜಮೀನಿನ ಕಡತ ನೋಡುತ್ತಿದ್ದವರು ಇಲ್ಲಿಗೆ ಬಂದು ಹೊರಗುತ್ತಿಗೆ ನೌಕರರ ಕಡತ ನೋಡುತ್ತಾರೆ. ಹಣಕಾಸಿನ ಅಧಿಕಾರಿ ರಾಜ್ಯ ಲೆಕ್ಕಪತ್ರ ಇಲಾಖೆಯವರು. ಇವರ ಮೇಲೆ ವೈದ್ಯಕೀಯ ಶಿಕ್ಷಣ ಸಚಿವರ ಅಧ್ಯಕ್ಷತೆಯ ಆಡಳಿತ ಮಂಡಳಿ ಇರುತ್ತದೆ. ಶುಶ್ರೂಷಾ ಅಧೀಕ್ಷಕರನ್ನು ನಾನು ಈ ಐವರಲ್ಲಿ ಸೇರಿಸಲಿಲ್ಲ, ಏಕೆಂದರೆ ಆ ಮೇಜಿನಲ್ಲಿ ಅವರಿಗೆ ಕುರ್ಚಿ ಸಿಗುವುದು ಅಪರೂಪ.

ಈಗ ನಿಯಮಗಳಿಗೆ ಬರೋಣ. ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು 1998ರಲ್ಲಿ ರೂಪಿಸಿದ ಅಧ್ಯಾಪಕರ ಅರ್ಹತಾ ನಿಯಮಾವಳಿ, ನಿರ್ದೇಶಕ ಅಥವಾ ಡೀನ್ ಆಗುವವರಿಗೆ ಸ್ನಾತಕೋತ್ತರ ವೈದ್ಯಕೀಯ ಪದವಿ, ಪ್ರಾಧ್ಯಾಪಕ ಮತ್ತು ಸಹ ಪ್ರಾಧ್ಯಾಪಕ ಹುದ್ದೆಗಳಲ್ಲಿ ಒಟ್ಟು ಕನಿಷ್ಠ 10 ವರ್ಷಗಳ ಬೋಧನಾನುಭವ, ಅದರಲ್ಲಿ ಕನಿಷ್ಠ 5 ವರ್ಷ ಪ್ರಾಧ್ಯಾಪಕರಾಗಿ ದುಡಿದಿರಬೇಕು ಎಂದು ಕೇಳಿತು. ವಿಭಾಗ ಮುಖ್ಯಸ್ಥರಾಗಿದ್ದವರಿಗೆ ಆದ್ಯತೆ ಕೊಡಬಹುದು ಎಂದೂ ಸೇರಿಸಿತು. ವೈದ್ಯಕೀಯ ಅಧೀಕ್ಷಕರಿಗೆ ಪರಿಷತ್ತು ಕೇಳಿದ್ದು ಸ್ನಾತಕೋತ್ತರ ಪದವಿಯ ಜೊತೆಗೆ 10 ವರ್ಷಗಳ ಆಡಳಿತಾನುಭವ. ಇದರೊಂದಿಗೆ, ಬೋಧನಾ ಆಸ್ಪತ್ರೆಯ ಅಧೀಕ್ಷಕರು ತಮ್ಮ ಘಟಕವನ್ನು, ಅಂದರೆ ವಿಭಾಗದೊಳಗಿನ ತಮ್ಮ ಚಿಕಿತ್ಸಾ ತಂಡವನ್ನು, ಇಟ್ಟುಕೊಳ್ಳಬಹುದು, ಆದರೆ ವಿಭಾಗ ಮುಖ್ಯಸ್ಥರಾಗಿರುವಂತಿಲ್ಲ ಎಂಬ ಷರತ್ತೂ ಇತ್ತು.

ಈ ಮಾತುಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಅಧೀಕ್ಷಕರು ವಿಭಾಗ ಮುಖ್ಯಸ್ಥರಾಗಬಾರದು ಎಂಬುದಕ್ಕೆ ಒಳ್ಳೆಯ ಕಾರಣವಿದೆ: ಇಡೀ ಆಸ್ಪತ್ರೆಯ ಹಾಸಿಗೆ, ಉಪಕರಣ, ಸಿಬ್ಬಂದಿ ಹಂಚುವವರು ತಮ್ಮ ವಿಭಾಗದ ಪಕ್ಷಪಾತಿಯಾಗಿರಬಾರದು. ಆದರೆ ಮೇಲಿನ ಕುರ್ಚಿಗೆ ಆದ್ಯತೆ ಇರುವುದು ವಿಭಾಗ ಮುಖ್ಯಸ್ಥರಿಗೆ. ಅಂದರೆ ಆಸ್ಪತ್ರೆ ನಡೆಸುವುದನ್ನು ಕೈಯಾರೆ ಕಲಿತವರು ಆ ಕಲಿಕೆಯ ವರ್ಷಗಳಲ್ಲೇ ಮೇಲಿನ ಕುರ್ಚಿಯ ಸರತಿಯಲ್ಲಿ ಹಿಂದೆ ಬೀಳುತ್ತಾರೆ. ವಿಭಾಗ ಬಿಟ್ಟು ಕದಲದವರು ಮುಂದೆ ಹೋಗುತ್ತಾರೆ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಮಹತ್ವಾಕಾಂಕ್ಷೆಯ ನಡುವಯಸ್ಸಿನ ಪ್ರಾಧ್ಯಾಪಕರೊಬ್ಬರಿಗೆ ಅಧೀಕ್ಷಕರ ಹುದ್ದೆ ಏಕೆ ತಲೆನೋವಾಗಿ ಕಾಣುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ ಎಂದು ನನಗನಿಸುತ್ತದೆ.

2020ರಲ್ಲಿ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. 2022ರಲ್ಲಿ, ಮತ್ತೆ 2025ರಲ್ಲಿ ಅಧ್ಯಾಪಕರ ಅರ್ಹತೆಯ ಹೊಸ ನಿಯಮಾವಳಿಗಳನ್ನು ಹೊರಡಿಸಿತು. 2022ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು 4 ವರ್ಷಕ್ಕೆ ಸಹ ಪ್ರಾಧ್ಯಾಪಕರಾಗುತ್ತಾರೆ, ಅಲ್ಲಿಂದ 3 ವರ್ಷಕ್ಕೆ ಪ್ರಾಧ್ಯಾಪಕರಾಗುತ್ತಾರೆ. ಅದಕ್ಕೆ ನಿಗದಿತ ಸಂಖ್ಯೆಯ ಸಂಶೋಧನಾ ಪ್ರಬಂಧಗಳು ಬೇಕು, ಜೊತೆಗೆ ವೈದ್ಯಕೀಯ ಶಿಕ್ಷಣ ತಂತ್ರದ ಮೂಲ ತರಬೇತಿ ಮತ್ತು ಜೀವವೈದ್ಯಕೀಯ ಸಂಶೋಧನೆಯ ಮೂಲ ತರಬೇತಿ ಎರಡೂ ಕಡ್ಡಾಯ. ಪಾಠ ಹೇಳುವವರು ಪಾಠ ಹೇಳುವುದನ್ನು ಕಲಿತಿರಬೇಕು, ಸಂಶೋಧನೆ ಮಾಡುವವರು ಅದರ ವಿಧಾನ ಕಲಿತಿರಬೇಕು ಎಂಬ ಈ ತಿಳಿವಳಿಕೆ ಸ್ವಾಗತಾರ್ಹ. ಆದರೆ ಇದೇ ಏಣಿಯ ತುದಿಯಲ್ಲಿ ಸಾವಿರ ಹಾಸಿಗೆಗಳ ಆಸ್ಪತ್ರೆಯೊಂದನ್ನು ಕೈಗೆ ಕೊಡುವಾಗ ಮೂರನೆಯ ತರಬೇತಿಯ ಮಾತಿಲ್ಲ.

ಆ ಕುರ್ಚಿಯ ಕೆಲಸ ನಿಜಕ್ಕೂ ಏನು? ನಾನು ಕಾಯುತ್ತ ಕುಳಿತಿದ್ದ ಆ ಒಂದು ತಾಸಿನಲ್ಲಿ ಕೊಠಡಿಗೆ ಬಂದುಹೋದದ್ದನ್ನು ನೆನಪಿಸಿಕೊಳ್ಳುತ್ತೇನೆ. ಎರಡು ತಿಂಗಳ ಸಂಬಳ ಬಾರದ ಹೊರಗುತ್ತಿಗೆ ಸ್ವಚ್ಛತಾ ನೌಕರರ ನಾಲ್ವರು ಪ್ರತಿನಿಧಿಗಳು ಬಂದರು. ಪ್ರಯೋಗಾಲಯದ ರಾಸಾಯನಿಕಗಳ ಖರೀದಿಯ ಕಡತದೊಂದಿಗೆ ಗುಮಾಸ್ತರೊಬ್ಬರು ಬಂದರು. ಒಂದೇ ಬಿಡ್ ಬಂದಿದ್ದರಿಂದ ಮರುಟೆಂಡರ್ ಕರೆಯಬೇಕೆಂದು ಲೆಕ್ಕಪತ್ರ ಶಾಖೆ ಟಿಪ್ಪಣಿ ಬರೆದಿತ್ತು, ಅಷ್ಟರಲ್ಲಿ ದಾಸ್ತಾನು ಹನ್ನೆರಡು ದಿನಕ್ಕೆ ಮಾತ್ರ ಉಳಿದಿತ್ತು. ಶಾಸಕರೊಬ್ಬರ ಆಪ್ತರ ಫೋನು ಬಂತು, ಐಸಿಯು ಹಾಸಿಗೆಗಾಗಿ. ಶಿಷ್ಯವೇತನ ತಡವಾದ ಬಗ್ಗೆ ಸ್ನಾತಕೋತ್ತರ ವಿದ್ಯಾರ್ಥಿಗಳ ಮನವಿಪತ್ರ ಬಂತು. ನಡುವೆ ನಿರ್ದೇಶಕರದೇ ವಿಭಾಗದ ಕಿರಿಯ ವೈದ್ಯರೊಬ್ಬರು ಒಂದು ಎಕ್ಸ್‌ರೇ ಹಿಡಿದು ಬಂದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವಾಗ ಮಾತ್ರ ಆ ನಿರ್ದೇಶಕರ ಮುಖ ಸಡಿಲವಾಯಿತು. ಉಳಿದ ಎಲ್ಲ ಕಾಗದಗಳಿಗೆ ಅವರು ‘ನಿಯಮಾನುಸಾರ ಕ್ರಮ ಕೈಗೊಳ್ಳಿ’ ಎಂದು ಬರೆದರು. ಅವರನ್ನು ದೂರುವುದಕ್ಕಲ್ಲ ಈ ಮಾತು. ಮೂವತ್ತು ವರ್ಷ ರೋಗಿಯನ್ನು ಮುಟ್ಟಿ ನೋಡಿ ತೀರ್ಮಾನ ಮಾಡಿದವರಿಗೆ, ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಯಾವ ಕಲಮಿನಡಿ ತುರ್ತು ಖರೀದಿ ಸಾಧ್ಯ ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಪ್ಪಿದರೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ನಿವೃತ್ತಿಯ ನಂತರವೂ ಬೆನ್ನು ಹತ್ತುತ್ತದೆ ಎಂಬುದು ಮಾತ್ರ ಗೊತ್ತಿತ್ತು.

ಈಗ ಹಲಗೆಯ ಇನ್ನೊಂದು ಕಾಲಂ, ಅಂದರೆ ಪದವಿಗಳ ಕಾಲಂ ನೋಡೋಣ. ಯಾವ ವಿಭಾಗದವರು ಮುಖ್ಯಸ್ಥರಾಗುತ್ತಾರೆ ಎಂಬುದು ಸಂಸ್ಥೆಯೊಂದು ತನ್ನನ್ನು ಏನೆಂದು ಭಾವಿಸಿಕೊಂಡಿದೆ ಎಂಬುದರ ಸೂಚನೆ. ದೆಹಲಿಯ ಏಮ್ಸ್ ಇದಕ್ಕೆ ಸ್ಪಷ್ಟ ನಿದರ್ಶನ. 1956ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆಯ ಮೊದಲ ನಿರ್ದೇಶಕ ಬಿ.ಬಿ. ದೀಕ್ಷಿತ್ ಶರೀರಕ್ರಿಯಾಶಾಸ್ತ್ರಜ್ಞರು. ಅವರ ನಂತರ ಬಂದ ಕೆ.ಎಲ್. ವಿಗ್ ವೈದ್ಯಶಾಸ್ತ್ರದ ಪ್ರಾಧ್ಯಾಪಕರು. 1969ರಿಂದ 1979ರವರೆಗೆ ಒಂದು ದಶಕ ಆ ಕುರ್ಚಿಯಲ್ಲಿದ್ದ ವಿ. ರಾಮಲಿಂಗಸ್ವಾಮಿ ರೋಗಶಾಸ್ತ್ರಜ್ಞರು, ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಕೊರತೆ ಮತ್ತು ಗಳಗಂಡದ ಬಗ್ಗೆ ನಡೆದ ಅಧ್ಯಯನದಿಂದ ಹೆಸರಾದವರು, ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದವರು. ಪ್ರಯೋಗಾಲಯದ ಜ್ಞಾನ ಇಟ್ಟುಕೊಂಡು ದೇಶದ ವೈದ್ಯಕೀಯ ಶಿಕ್ಷಣವನ್ನು ಕಟ್ಟಬೇಕೆಂಬ ಸ್ಥಾಪನಾ ಕಾಲದ ಕನಸು ಈ ಆಯ್ಕೆಗಳಲ್ಲಿ ಕಾಣುತ್ತದೆ.

1984ರ ಅಕ್ಟೋಬರ್ 31ರಂದು ಗುಂಡೇಟು ತಿಂದ ಇಂದಿರಾ ಗಾಂಧಿಯವರನ್ನು ಏಮ್ಸ್‌ಗೆ ತಂದಾಗ ಅಲ್ಲಿನ ಹೊಣೆ ಹೊರಬೇಕಾಗಿ ಬಂದದ್ದು ವಿಕಿರಣ ತಜ್ಞೆ ಸ್ನೇಹ್ ಭಾರ್ಗವ ಅವರಿಗೆ. ಏಮ್ಸ್‌ನ ಮೊದಲ ಮಹಿಳಾ ನಿರ್ದೇಶಕಿಯಾಗಿ ಅವರ ನೇಮಕ ಆಗಷ್ಟೇ ನಡೆಯುತ್ತಿತ್ತು. ಹೊಸ ಹುದ್ದೆಯಲ್ಲಿ ಅವರ ಮುಂದೆ ಬಂದ ಮೊದಲ ಸವಾಲು ಜನಸಂದಣಿ, ಭದ್ರತೆ, ಮಾಹಿತಿಯ ನಿಯಂತ್ರಣ. ರೋಗನಿದಾನದ ಪರಿಣತಿಯಿಂದ ಅವುಗಳಲ್ಲಿ ಯಾವುದಕ್ಕೂ ಉತ್ತರ ಸಿಗುವಂತಿರಲಿಲ್ಲ. ಅವರ ನಂತರ ನೋಡಿ: ಎಸ್.ಕೆ. ಕಕ್ಕರ್ ಕಿವಿ–ಮೂಗು–ಗಂಟಲು, ಪಿ.ಕೆ. ದವೆ ಮೂಳೆ ಶಸ್ತ್ರಚಿಕಿತ್ಸೆ, ಪಿ. ವೇಣುಗೋಪಾಲ್ ಹೃದಯ ಶಸ್ತ್ರಚಿಕಿತ್ಸೆ, ಆರ್.ಸಿ. ಡೇಕಾ ಮತ್ತೆ ಕಿವಿ–ಮೂಗು–ಗಂಟಲು, ಎಂ.ಸಿ. ಮಿಶ್ರಾ ಶಸ್ತ್ರಚಿಕಿತ್ಸೆ. ಪೂರ್ಣಾವಧಿ ನಿರ್ದೇಶಕರ ಪಟ್ಟಿಯಲ್ಲಿ ಸುಮಾರು ಕಾಲು ಶತಮಾನ ಕತ್ತರಿ ಹಿಡಿದವರದೇ ಸಾಲು. 2017ರಲ್ಲಿ ಶ್ವಾಸಕೋಶ ತಜ್ಞ ರಣದೀಪ್ ಗುಲೇರಿಯಾ ಬಂದಾಗ ಆ ಸಾಲು ಮುರಿಯಿತು. ಅವರ ಅವಧಿಯಲ್ಲೇ ಶ್ವಾಸಕೋಶದ ಸಾಂಕ್ರಾಮಿಕವೊಂದು ದೇಶಕ್ಕೆ ಬಂದೆರಗಿದ್ದು ಕಾಕತಾಳೀಯ. ಶಸ್ತ್ರಚಿಕಿತ್ಸಕರು ನಿರ್ಣಯ ಬೇಗ ತೆಗೆದುಕೊಳ್ಳುತ್ತಾರೆ, ಶಸ್ತ್ರಕೊಠಡಿಯ ತಂಡ ನಡೆಸಿ ಅವರಿಗೆ ರೂಢಿ ಇರುತ್ತದೆ ಎಂಬ ಸಮರ್ಥನೆ ಕೇಳಿಬರುತ್ತದೆ. ಶಸ್ತ್ರಕೊಠಡಿಯಲ್ಲಿ ಎಲ್ಲರೂ ಒಬ್ಬರ ಮಾತು ಕೇಳುತ್ತಾರೆ, ಆಡಳಿತ ಮಂಡಳಿಯಲ್ಲಿ ಯಾರೂ ಕೇಳುವುದಿಲ್ಲ ಎಂಬುದು ಆ ಸಮರ್ಥನೆಗೆ ನನ್ನ ತಕರಾರು.

ವೇಣುಗೋಪಾಲ್ ಅವರ ಪ್ರಕರಣ ಇದನ್ನೇ ತೋರಿಸುತ್ತದೆ. 1994ರಲ್ಲಿ ಭಾರತದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದ ಅವರು 2003ರಲ್ಲಿ ನಿರ್ದೇಶಕರಾದರು. ಕೇಂದ್ರ ಆರೋಗ್ಯ ಸಚಿವ ಅನ್ಬುಮಣಿ ರಾಮದಾಸ್ ಅವರೊಂದಿಗೆ ಹುಟ್ಟಿದ ಸಂಘರ್ಷ 2006ರಲ್ಲಿ ಅವರ ವಜಾಕ್ಕೆ, ಅದಕ್ಕೆ ಹೈಕೋರ್ಟಿನ ತಡೆಗೆ, ಆಮೇಲೆ 2007ರಲ್ಲಿ ಏಮ್ಸ್ ಕಾಯ್ದೆಗೇ ತಿದ್ದುಪಡಿ ತಂದು 65ರ ವಯೋಮಿತಿಯ ನೆಪದಲ್ಲಿ ಅವರನ್ನು ಹೊರಗೆ ಕಳಿಸುವುದಕ್ಕೆ ದಾರಿಯಾಯಿತು. 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಗುರಿಯಾಗಿಸಿದ್ದ ಆ ಕಲಮನ್ನು ಅಸಿಂಧುಗೊಳಿಸಿತು. ಯಾರು ಸರಿ, ಯಾರು ತಪ್ಪು ಎಂಬ ವಾದ ಇಂದಿಗೂ ಮುಗಿದಿಲ್ಲ. ನಿರ್ದೇಶಕರ ಕುರ್ಚಿಯ ಅರ್ಧ ಕೆಲಸ ಸರ್ಕಾರದೊಂದಿಗಿನ ವ್ಯವಹಾರ ಎಂಬುದನ್ನು ಮಾತ್ರ ಆ ಎರಡು ವರ್ಷಗಳು ಇಡೀ ದೇಶಕ್ಕೆ ತೋರಿಸಿದವು. 2022ರಲ್ಲಿ ನೇಮಕಗೊಂಡ ಎಂ. ಶ್ರೀನಿವಾಸ್ ಅವರ ಹಿನ್ನೆಲೆ ಈ ದೃಷ್ಟಿಯಿಂದ ಗಮನಾರ್ಹ. ಏಮ್ಸ್‌ನಲ್ಲೇ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗದಲ್ಲಿದ್ದ ಅವರು ನಡುವೆ ಹೈದರಾಬಾದಿನ ಸನತ್‌ನಗರದಲ್ಲಿರುವ ನೌಕರರ ರಾಜ್ಯ ವಿಮಾ ನಿಗಮದ (ಇ.ಎಸ್.ಐ.ಸಿ.) ವೈದ್ಯಕೀಯ ಕಾಲೇಜಿಗೆ ಡೀನ್ ಆಗಿ ಹೋಗಿ, ಅಲ್ಲಿ ಆಸ್ಪತ್ರೆ ನಡೆಸಿ, ಮರಳಿ ಬಂದದ್ದು ನೇರವಾಗಿ ನಿರ್ದೇಶಕರ ಕುರ್ಚಿಗೆ. ಹೊರಗೆ ಹೋಗಿ ಕೆಲಸ ಕಲಿತು ಬಂದವರನ್ನು ಮನೆಯೊಳಗಿನ ಹಿರಿತನಕ್ಕಿಂತ ಮುಂದಿಟ್ಟ ಆಯ್ಕೆ ಅದು. ನಮ್ಮಲ್ಲಿ ಇಂಥದ್ದು ವಿರಳ.

ಬೆಂಗಳೂರಿನ ನಿಮ್ಹಾನ್ಸ್‌ನ ಪಟ್ಟಿ ಬೇರೆಯೇ ಕಥೆ ಹೇಳುತ್ತದೆ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕ ಎಂ.ವಿ. ಗೋವಿಂದಸ್ವಾಮಿ ಮನೋವೈದ್ಯರು, ಪಕ್ಕದ ಮಾನಸಿಕ ಆಸ್ಪತ್ರೆಯ ಅಧೀಕ್ಷಕರಾಗಿ ದುಡಿದ ಮೇಲೆ ಸಂಸ್ಥೆಯ ನಿರ್ದೇಶಕರಾದವರು. ಅಂದರೆ ಆಸ್ಪತ್ರೆ ನಡೆಸಿದವರೇ ಕಾಲೇಜು ಕಟ್ಟಿದರು. 1974ರ ಡಿಸೆಂಬರ್‌ನಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ವಿಲೀನಗೊಂಡು ನಿಮ್ಹಾನ್ಸ್ ಆದಾಗ ಚುಕ್ಕಾಣಿ ಹಿಡಿದ ಆರ್.ಎಂ. ವರ್ಮ ಮತ್ತು ಅವರ ನಂತರದ ಜಿ.ಎನ್. ನಾರಾಯಣ ರೆಡ್ಡಿ ಇಬ್ಬರೂ ನರಶಸ್ತ್ರಚಿಕಿತ್ಸಕರು. ಹುಚ್ಚಾಸ್ಪತ್ರೆ ಎಂದೇ ಊರವರು ಕರೆಯುತ್ತಿದ್ದ ಜಾಗವನ್ನು ನರವಿಜ್ಞಾನದ ಸಂಸ್ಥೆಯಾಗಿ ಬೆಳೆಸಿದ ವರ್ಷಗಳವು. ಕಟ್ಟಡ, ಯಂತ್ರ, ಶಸ್ತ್ರಕೊಠಡಿಗಳ ಕಾಲ. ಅಲ್ಲಿಂದ ಮುಂದೆ ಕುರ್ಚಿ ಮನೋವೈದ್ಯರು ಮತ್ತು ನರವೈದ್ಯರ ನಡುವೆ ಓಡಾಡಿತು. ಎಸ್.ಎಂ. ಚನ್ನಬಸವಣ್ಣ ಮನೋವೈದ್ಯರು, ಮೊದಲ ಮಹಿಳಾ ನಿರ್ದೇಶಕಿ ಎಂ. ಗೌರಿ ದೇವಿ, ನಂತರ ಡಿ. ನಾಗರಾಜ, ಪಿ. ಸತೀಶ್ಚಂದ್ರ ನರವೈದ್ಯರು, ಬಿ.ಎನ್. ಗಂಗಾಧರ್ ಮತ್ತೆ ಮನೋವೈದ್ಯರು. ಗಂಗಾಧರ್ ಮುಂದೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಅಧ್ಯಕ್ಷರೂ ಆದರು. 2020–21ರಲ್ಲಿ ನಿಮ್ಹಾನ್ಸ್‌ನ ನಿರ್ದೇಶಕರ ಜಾಗಕ್ಕೆ ಸಾಂಕ್ರಾಮಿಕ ರೋಗಶಾಸ್ತ್ರದ ಜಿ. ಗುರುರಾಜ್ ಬಂದರು. ರಸ್ತೆ ಅಪಘಾತ, ಆತ್ಮಹತ್ಯೆ, ಗಾಯಗಳ ಅಂಕಿಅಂಶ ಕಲೆಹಾಕುವುದರಲ್ಲಿ ವೃತ್ತಿ ಸವೆಸಿದವರೊಬ್ಬರು, ವಾರ್ಡಿನ ಸುತ್ತಾಟವೇ ಮುಖ್ಯ ಕಸುಬಲ್ಲದವರೊಬ್ಬರು ಇಂಥ ಸಂಸ್ಥೆಯ ಮುಖ್ಯಸ್ಥರಾದದ್ದು ಅಪರೂಪ. ನಂತರ 2021ರಲ್ಲಿ ವ್ಯಸನ ಚಿಕಿತ್ಸೆಯಲ್ಲಿ ಹೆಸರಾದ ಮನೋವೈದ್ಯೆ ಪ್ರತಿಮಾ ಮೂರ್ತಿ ನೇಮಕಗೊಂಡರು.

ಎರಡು ದೊಡ್ಡ ವಿಭಾಗಗಳಿರುವ ಸಂಸ್ಥೆಯಲ್ಲಿ ಕುರ್ಚಿ ಯಾವ ಕಡೆ ವಾಲುತ್ತದೆ ಎಂಬುದನ್ನು ಒಳಗಿನವರು ಲೆಕ್ಕ ಇಟ್ಟುಕೊಂಡೇ ಇರುತ್ತಾರೆ. ಹಾಗಿದ್ದೂ ನಿಮ್ಹಾನ್ಸ್‌ನ ಪಟ್ಟಿಯಲ್ಲಿ ಪೂರ್ಣಾವಧಿಯ ನಿರ್ದೇಶಕರೇ ಹೆಚ್ಚು, ಬಹುಪಾಲು ಜನ ವರ್ಷಗಟ್ಟಲೆ ಕುಳಿತವರು, ಮತ್ತು ಹೆಚ್ಚಿನವರು ಸಂಸ್ಥೆಯೊಳಗೇ ಬೆಳೆದವರು. ಒಳಗಿನವರೇ ಬರುವುದರ ತೊಂದರೆ ಎಲ್ಲರಿಗೂ ಗೊತ್ತಿದೆ: ಹಳೆಯ ಸ್ನೇಹ, ಹಳೆಯ ಜಗಳ ಎರಡೂ ಕುರ್ಚಿಯ ಜೊತೆಗೇ ಬರುತ್ತವೆ. ಅದರ ಲಾಭವೂ ಚಿಕ್ಕದಲ್ಲ. ಯಾವ ವಾರ್ಡಿನ ಮಾಳಿಗೆ ಸೋರುತ್ತದೆ, ಯಾವ ಗುಮಾಸ್ತರ ಬಳಿ ಕಡತ ನಿಲ್ಲುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿಲ್ಲ.

ಅವಧಿಯ ಮಾತು ಬಂದಾಗ ಜಯದೇವ ಹೃದ್ರೋಗ ಸಂಸ್ಥೆಯನ್ನು ಬಿಟ್ಟು ಮುಂದೆ ಹೋಗಲಾಗದು. ಮೈಸೂರಿನಲ್ಲಿ ಎಂಬಿಬಿಎಸ್, ಬೆಂಗಳೂರಿನಲ್ಲಿ ಎಂ.ಡಿ., ಮಂಗಳೂರಿನಲ್ಲಿ ಹೃದ್ರೋಗದ ಉನ್ನತ ಪದವಿಯಾದ ಡಿ.ಎಂ. ಮುಗಿಸಿದ ಸಿ.ಎನ್. ಮಂಜುನಾಥ್ 1980ರ ದಶಕದ ಕೊನೆಯಲ್ಲಿ ಈ ಸಂಸ್ಥೆಗೆ ಸೇರಿ, 2006ರಲ್ಲಿ ನಿರ್ದೇಶಕರಾಗಿ, 2024ರ ಜನವರಿಯವರೆಗೆ ಆ ಹುದ್ದೆಯಲ್ಲಿದ್ದರು. ಅದೇ ವರ್ಷ ಬೆಂಗಳೂರು ಗ್ರಾಮಾಂತರದಿಂದ ಲೋಕಸಭೆಗೆ ಆಯ್ಕೆಯಾದರು. ಅವರು ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಅಳಿಯ ಎಂಬುದನ್ನು ಟೀಕಾಕಾರರು ಎಂದೂ ಮರೆಯಲಿಲ್ಲ. ಬೇರೆ ಬೇರೆ ಪಕ್ಷಗಳ ಸರ್ಕಾರಗಳ ಕಾಲದಲ್ಲೂ ಅವರು ಅಲ್ಲೇ ಉಳಿದರು, ನಿವೃತ್ತಿಯ ವಯಸ್ಸಿನ ನಂತರ ಅವಧಿ ವಿಸ್ತರಣೆಯೂ ಸಿಕ್ಕಿತು ಎಂಬುದು ಅಷ್ಟೇ ನಿಜ. ‘ಚಿಕಿತ್ಸೆ ಮೊದಲು, ಹಣ ನಂತರ’ ಎಂಬ ಅವರ ಪದ್ಧತಿ ಹೊರಗಿನವರಿಗೆ ಕರುಣೆಯಂತೆ ಕಂಡಿತು. ಆಸ್ಪತ್ರೆಯ ಲೆಕ್ಕ ಬಲ್ಲವರು ಅದರ ಹಿಂದಿನ ವ್ಯವಸ್ಥೆಯನ್ನು ನೋಡುತ್ತಾರೆ: ಬಡವರ ಬಿಲ್ಲು ಯಾವ ಯೋಜನೆಯಿಂದ, ಯಾವ ದಾನನಿಧಿಯಿಂದ ಬರುತ್ತದೆ ಎಂಬ ಏರ್ಪಾಡು, ಸ್ಟೆಂಟು–ಕವಾಟಗಳ ಖರೀದಿಯಲ್ಲಿನ ಚೌಕಾಸಿ, ದಾನಿಗಳ ನಂಬಿಕೆ. ಇನ್ಫೊಸಿಸ್ ಫೌಂಡೇಶನ್ 350 ಹಾಸಿಗೆಗಳ ಕಟ್ಟಡ ಕಟ್ಟಿಸಿಕೊಟ್ಟದ್ದು ಆ ನಂಬಿಕೆಯಿಂದ. ಇದ್ಯಾವುದನ್ನೂ ಡಿ.ಎಂ. ಕೋರ್ಸಿನಲ್ಲಿ ಕಲಿಸುವುದಿಲ್ಲ, ಹದಿನೇಳು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತವರಿಗೆ ಕಲಿಯುವ ಸಮಯ ಸಿಕ್ಕಿತು. ನಾಲ್ಕು ತಿಂಗಳ ಪ್ರಭಾರ ನಿರ್ದೇಶಕರಿಗೆ ಅದು ಎಲ್ಲಿಂದ ಸಿಗಬೇಕು? ಆದರೆ ಜಯದೇವ ಒಂದೇ ಅಂಗದ ಆಸ್ಪತ್ರೆ ಎಂಬುದನ್ನು ಮರೆತು ಅದನ್ನು ಎಲ್ಲರಿಗೂ ಮಾದರಿ ಎನ್ನುವುದು ತಪ್ಪಾಗುತ್ತದೆ. ಹಾವು ಕಡಿತ, ಹೆರಿಗೆ, ವಿಷಪ್ರಾಶನ, ಸುಟ್ಟಗಾಯ ಎಲ್ಲವೂ ಒಂದೇ ರಾತ್ರಿ ಬರುವ ವಿಕ್ಟೋರಿಯಾ ಆಸ್ಪತ್ರೆಯಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ರೋಗಿಯನ್ನು ಆರಿಸಿಕೊಳ್ಳುವ ಸೌಕರ್ಯವಿಲ್ಲ.

ನಿಜವಾದ ಗೋಜಲು ಇರುವುದು ಜಿಲ್ಲೆಗಳಲ್ಲಿ. ಈ ಶತಮಾನದ ಮೊದಲ ದಶಕದಲ್ಲಿ ಹಾಸನ, ಮಂಡ್ಯ, ಶಿವಮೊಗ್ಗ, ರಾಯಚೂರು, ಬೀದರ್, ಬೆಳಗಾವಿಗಳಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳು ತೆರೆದಾಗ ಅಲ್ಲಿದ್ದ ಜಿಲ್ಲಾಸ್ಪತ್ರೆಗಳೇ ಬೋಧನಾ ಆಸ್ಪತ್ರೆಗಳಾದವು. ಅಲ್ಲಿ ಎರಡು ಏಣಿಗಳು ಒಂದೇ ಅಂಗಳದಲ್ಲಿ ನಿಂತವು. ಒಂದು ಆರೋಗ್ಯ ಇಲಾಖೆಯದು: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರಂಭಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ಆಡಳಿತ ವೈದ್ಯಾಧಿಕಾರಿಯಾಗಿ, ಔಷಧ ದಾಸ್ತಾನು, ಶವಪರೀಕ್ಷೆ, ಪೊಲೀಸ್ ಕೇಸು, ಪಂಚಾಯತಿ ಸದಸ್ಯರ ಗದ್ದಲ ಎಲ್ಲವನ್ನೂ ಕಂಡು ಜಿಲ್ಲಾ ಶಸ್ತ್ರಚಿಕಿತ್ಸಕರಾದವರು. ಇನ್ನೊಂದು ವೈದ್ಯಕೀಯ ಶಿಕ್ಷಣ ಇಲಾಖೆಯದು: ಪಾಠ, ಪ್ರಬಂಧ, ಪರೀಕ್ಷೆಗಳ ಮೂಲಕ ಪ್ರಾಧ್ಯಾಪಕರಾದವರು. ಅಧಿಕಾರ ಎರಡನೆಯವರ ಕೈಗೆ ಬಂತು, ಆಸ್ಪತ್ರೆಯ ಅನುಭವ ಮೊದಲನೆಯವರ ಬಳಿ ಉಳಿಯಿತು. ಮೊದಲನೆಯವರಿಗೆ ಎರಡನೆಯವರು ಪುಸ್ತಕದ ಡಾಕ್ಟರು. ಎರಡನೆಯವರಿಗೆ ಮೊದಲನೆಯವರು ಬೋಧನೆಗೆ ಬಾರದವರು.

2025ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದ ನಿಯಮಾವಳಿ ಈ ಗೋಡೆಗೆ ಒಂದು ಬಾಗಿಲು ಕೊರೆದಿದೆ. 220ಕ್ಕಿಂತ ಹೆಚ್ಚು ಹಾಸಿಗೆಗಳ ಸರ್ಕಾರಿ ಆಸ್ಪತ್ರೆಯಲ್ಲಿ 10 ವರ್ಷ ತಜ್ಞರಾಗಿ ದುಡಿದ ಸ್ನಾತಕೋತ್ತರ ವೈದ್ಯರು, ಬೋಧನೆಯ ಹುದ್ದೆಯಲ್ಲಿ ಇರದಿದ್ದರೂ ಸಹ ಪ್ರಾಧ್ಯಾಪಕರಾಗಬಹುದು ಎಂಬ ಅವಕಾಶ ಅದರಲ್ಲಿದೆ. ಸಂಶೋಧನೆಯ ಮೂಲ ತರಬೇತಿಯನ್ನು ಎರಡು ವರ್ಷದೊಳಗೆ ಮುಗಿಸಿದರೆ ಸಾಕು. ಬೋಧನೆಯ ಗುಣಮಟ್ಟ ಇಳಿಯುತ್ತದೆ ಎಂಬ ಟೀಕೆ ಇದಕ್ಕೆ ಬಂದಿದೆ. ಅಧ್ಯಾಪಕರ ಕೊರತೆಯನ್ನು ಕಾಗದದ ಮೇಲೆ ಮುಚ್ಚುವ ಉಪಾಯ ಎಂಬ ಅನುಮಾನವೂ ಇದೆ, ಅದು ನಿರಾಧಾರವೇನಲ್ಲ. ಆದರೆ ಈ ಲೇಖನದ ವಿಷಯಕ್ಕೆ ಮುಖ್ಯವಾದದ್ದು ಬೇರೆ. ಈ ದಾರಿಯಿಂದ ಒಳಗೆ ಬಂದವರು ಕೆಲವು ವರ್ಷಗಳ ನಂತರ ನಿರ್ದೇಶಕರ ಹುದ್ದೆಗೆ ಅರ್ಹರಾಗುತ್ತಾರೆ. ತಾಲ್ಲೂಕು ಆಸ್ಪತ್ರೆ ನಡೆಸಿದವರೊಬ್ಬರು ಬೋಧನಾ ಆಸ್ಪತ್ರೆಯ ಕುರ್ಚಿಗೆ ಏರುವ ಸಾಧ್ಯತೆ ಬಹಳ ಕಾಲದ ನಂತರ ಕಂಡಿದೆ.

ಅಂಥವರು ಏಕೆ ಬೇಕು ಎಂಬುದಕ್ಕೆ ಬಳ್ಳಾರಿಯನ್ನು ನೆನೆಯಬಹುದು. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ (ವಿಮ್ಸ್) ವಿದ್ಯುತ್ ವ್ಯತ್ಯಯವಾದ ಹೊತ್ತಿನಲ್ಲಿ ತೀವ್ರ ನಿಗಾ ಘಟಕದ ರೋಗಿಗಳು ಮೃತಪಟ್ಟದ್ದು ವಿಧಾನಸಭೆಯವರೆಗೆ ಹೋಯಿತು, ಸರ್ಕಾರ ತನಿಖೆಗೆ ಸಮಿತಿ ನೇಮಿಸಿತು. ಸಾವಿನ ಕಾರಣದ ಬಗ್ಗೆ ಆಗ ಭಿನ್ನ ಹೇಳಿಕೆಗಳು ಬಂದವು, ಅದನ್ನು ಇಲ್ಲಿ ತೀರ್ಮಾನಿಸಲಾಗದು. ಚರ್ಚೆ ನಡೆದದ್ದು ಕೇಬಲ್, ಜನರೇಟರ್, ವೆಂಟಿಲೇಟರಿನ ಬ್ಯಾಟರಿಗಳ ಸುತ್ತ ಎಂಬುದನ್ನಷ್ಟೇ ಗಮನಿಸಿ. ಒಂದು ರೋಗಿಯ ಜೀವ ಎಷ್ಟೋ ಸಲ ನಿಂತಿರುವುದು ಇಂಥ ವಸ್ತುಗಳ ಮೇಲೆ, ಮತ್ತು ಯಾವ ಪ್ರಾಧ್ಯಾಪಕರ ಬಡ್ತಿಯ ಅರ್ಜಿಯಲ್ಲೂ ಇವುಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಹಾಗಾದರೆ ವೈದ್ಯರನ್ನು ಬಿಟ್ಟು ಐ.ಎ.ಎಸ್. ಅಧಿಕಾರಿಯನ್ನೋ ಎಂಬಿಎ ಓದಿದವರನ್ನೋ ಕೂರಿಸಿಬಿಡೋಣವೇ? ಪ್ರತಿ ಹಗರಣದ ನಂತರ ಈ ಸಲಹೆ ಬರುತ್ತದೆ. ಬ್ರಿಟನ್ ಈ ದಾರಿಯಲ್ಲಿ ನಡೆದು ನೋಡಿದೆ. 1983ರಲ್ಲಿ ಸೂಪರ್‌ಮಾರ್ಕೆಟ್ ಕಂಪನಿಯೊಂದರ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ರಾಯ್ ಗ್ರಿಫಿತ್ಸ್ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯ ಬಗ್ಗೆ ಕೊಟ್ಟ ವರದಿಯಲ್ಲಿ, ಫ್ಲಾರೆನ್ಸ್ ನೈಟಿಂಗೇಲ್ ಇಂದು ದೀಪ ಹಿಡಿದು ಬಂದರೆ ಇಲ್ಲಿ ಹೊಣೆ ಹೊತ್ತವರು ಯಾರು ಎಂದು ಹುಡುಕುತ್ತಿದ್ದಳು ಎಂಬರ್ಥದ ಮಾತು ಬರೆದರು. ಅದರ ಫಲವಾಗಿ ಆಸ್ಪತ್ರೆಗಳಿಗೆ ವೃತ್ತಿಪರ ವ್ಯವಸ್ಥಾಪಕರು ಬಂದರು. ಹೊಣೆ ಯಾರದ್ದೆಂದು ಸ್ಪಷ್ಟವಾಯಿತು, ವೈದ್ಯರಿಗೂ ವ್ಯವಸ್ಥಾಪಕರಿಗೂ ನಡುವಿನ ಬಿರುಕು ದೊಡ್ಡದಾಯಿತು. ಇನ್ನೊಂದು ಕಡೆ, ಅಮಾಂಡಾ ಗುಡಾಲ್ ಎಂಬ ಸಂಶೋಧಕಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಅಗ್ರ ಆಸ್ಪತ್ರೆಗಳ ಪಟ್ಟಿಯಲ್ಲಿ ವೈದ್ಯರೇ ಮುಖ್ಯಸ್ಥರಾಗಿರುವ ಆಸ್ಪತ್ರೆಗಳ ಗುಣಮಟ್ಟದ ಅಂಕ ಸುಮಾರು 25 ಪ್ರತಿಶತ ಹೆಚ್ಚು ಎಂದು ತೋರಿಸಿತು. ನಮ್ಮ ವೈದ್ಯ ಸಂಘಟನೆಗಳಿಗೆ ಪ್ರಿಯವಾಗುವಂಥ ಅಂಕಿ ಅದು. ಆದರೆ ಅದು ಒಂದು ಕಾಲಘಟ್ಟದ ಚಿತ್ರ. ಒಳ್ಳೆಯ ಆಸ್ಪತ್ರೆಗಳೇ ಒಳ್ಳೆಯ ವೈದ್ಯರನ್ನು ಮುಖ್ಯಸ್ಥರಾಗಿ ಸೆಳೆಯುತ್ತವೆಯೋ, ವೈದ್ಯರು ಬಂದದ್ದರಿಂದ ಆಸ್ಪತ್ರೆ ಒಳ್ಳೆಯದಾಯಿತೋ ಎಂಬುದನ್ನು ಅದು ಹೇಳುವುದಿಲ್ಲ. ಅಲ್ಲಿನ ವೈದ್ಯ ಮುಖ್ಯಸ್ಥರು ಒಬ್ಬರೇ ಆಸ್ಪತ್ರೆ ನಡೆಸುವುದಿಲ್ಲ ಎಂಬುದನ್ನೂ ಗಮನಿಸಬೇಕು; ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಟೋಬಿ ಕಾಸ್ಗ್ರೋವ್ ಹೃದಯ ಶಸ್ತ್ರಚಿಕಿತ್ಸಕರಾಗಿದ್ದರೂ, ಅವರ ಹಿಂದೆ ಹಣಕಾಸು, ಸಿಬ್ಬಂದಿ, ಶುಶ್ರೂಷೆಯ ವೃತ್ತಿಪರರ ಗಟ್ಟಿ ತಂಡವಿತ್ತು.

ನಮ್ಮ ಖಾಸಗಿ ಬೋಧನಾ ಆಸ್ಪತ್ರೆಗಳು ಈ ವಿಷಯದಲ್ಲಿ ಹೆಚ್ಚು ವ್ಯಾವಹಾರಿಕ. ಪಾಠದ ಹೊಣೆ ಡೀನ್‌ಗೆ, ಹಣದ ಹೊಣೆ ಆಡಳಿತ ಓದಿದವರಿಗೆ, ಆಸ್ಪತ್ರೆಯ ಹೊಣೆ ಅನೇಕ ಕಡೆ ಸೇನಾ ವೈದ್ಯಕೀಯ ದಳದಿಂದ ನಿವೃತ್ತರಾದವರಿಗೆ. ಅಂತಿಮ ಮಾತು ಟ್ರಸ್ಟಿನ ಕುಟುಂಬದ್ದು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದ ಟಿ.ಎಂ.ಎ. ಪೈ ಅವರೇ ವೈದ್ಯರು, ಅವರೇ ಉಡುಪಿಯಲ್ಲಿ ಬ್ಯಾಂಕು ಕಟ್ಟಿ ಮನೆ ಮನೆಗೆ ಹೋಗಿ ಪಿಗ್ಮಿ ಠೇವಣಿ ಸಂಗ್ರಹಿಸುವ ವ್ಯವಸ್ಥೆ ತಂದವರು. ಎರಡೂ ವಿದ್ಯೆ ಒಬ್ಬರಲ್ಲಿ ಸೇರಿದ್ದು ಅದೃಷ್ಟ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮೊದಲ ಭಾರತೀಯ ನಿರ್ದೇಶಕಿ ಹಿಲ್ಡಾ ಲಾಜರಸ್ ಪ್ರಸೂತಿ ತಜ್ಞೆ; ಆದರೆ ಅಲ್ಲಿಗೆ ಬರುವ ಮೊದಲೇ ಅವರು ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನ ಪ್ರಾಂಶುಪಾಲೆಯಾಗಿ, ದೇಶದ ಮಹಿಳಾ ವೈದ್ಯಕೀಯ ಸೇವೆಯ ಮುಖ್ಯಸ್ಥೆಯಾಗಿ ದುಡಿದಿದ್ದರು. ಆ ಅನುಭವವೇ ಅವರ ನಿಜವಾದ ಅರ್ಹತೆಯಾಗಿತ್ತು.

ಶುಶ್ರೂಷೆಯ ಕಡೆಯಿಂದ ಬಂದವರು ಈ ಕಥೆಯಲ್ಲಿ ಎಲ್ಲೂ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ದಾದಿಯಾಗಿ ವೃತ್ತಿ ಆರಂಭಿಸಿ ಆಸ್ಪತ್ರೆ ಟ್ರಸ್ಟಿನ ಮುಖ್ಯಸ್ಥರಾದವರಿದ್ದಾರೆ. ನಮ್ಮಲ್ಲಿ ಆ ದಾರಿಯೇ ಇಲ್ಲ. ಯಾವ ವಾರ್ಡಿನಲ್ಲಿ ಸಕ್ಷನ್ ಯಂತ್ರ ಕೆಟ್ಟಿದೆ, ಯಾವ ಪಾಳಿಯಲ್ಲಿ ಒಬ್ಬ ದಾದಿಗೆ ಐವತ್ತು ರೋಗಿಗಳು ಎಂಬುದು ಇಡೀ ಆಸ್ಪತ್ರೆಯಲ್ಲಿ ಖಚಿತವಾಗಿ ಗೊತ್ತಿರುವುದು ಶುಶ್ರೂಷಾ ಅಧೀಕ್ಷಕರಿಗೆ. ಅವರ ವರದಿ ಅಧೀಕ್ಷಕರ ಮೇಜಿಗೆ ಹೋಗಿ, ಅಲ್ಲಿಂದ ನಿರ್ದೇಶಕರ ಮೇಜಿಗೆ ಹೋಗುವಷ್ಟರಲ್ಲಿ ಪಾಳಿ ಬದಲಾಗಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ವೈದ್ಯರೇ ಮುಖ್ಯಸ್ಥರಾಗಿರಬೇಕು. ಪಾಠ, ಚಿಕಿತ್ಸೆ, ಸಂಶೋಧನೆ ಮೂರೂ ಹೆಣೆದುಕೊಂಡ ಜಾಗದಲ್ಲಿ ಹೊರಗಿನವರಿಗೆ ಯಾವ ವಿನಂತಿ ನಿಜ, ಯಾವುದು ವಿಭಾಗದ ಹಟ ಎಂಬುದೇ ತಿಳಿಯುವುದಿಲ್ಲ. ಬದಲಾಗಬೇಕಾದದ್ದು ಅವರು ಬರುವ ದಾರಿ. ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಪದವಿಯನ್ನು ದೆಹಲಿಯ ಏಮ್ಸ್, ಪುಣೆಯ ಸೇನಾ ವೈದ್ಯಕೀಯ ಕಾಲೇಜು ನೀಡುತ್ತ ಬಂದಿವೆ. ಎಲ್ಲ ನಿರ್ದೇಶಕರೂ ಅದನ್ನು ಓದಬೇಕೆಂದು ನಾನು ಕೇಳುತ್ತಿಲ್ಲ. ಉಪ ಅಧೀಕ್ಷಕರಾಗಿ ಎರಡು ವರ್ಷ, ಅಧೀಕ್ಷಕರಾಗಿ ಮೂರು ವರ್ಷ ಕಳೆದ ಪ್ರಾಧ್ಯಾಪಕರ ಆ ಐದು ವರ್ಷಗಳನ್ನು ವಿಭಾಗ ಮುಖ್ಯಸ್ಥರ ವರ್ಷಗಳಿಗೆ ಸಮನೆಂದು ಎಣಿಸಿ, ಅಂಥವರಿಗೆ ಆದ್ಯತೆ ಕೊಟ್ಟರೆ ಸಾಕು. ಪ್ರಭಾರದ ಅವಧಿಗೆ ಆರು ತಿಂಗಳ ಮಿತಿ ಹಾಕಬೇಕು. ಅಧೀಕ್ಷಕರ ಹುದ್ದೆ ಶಿಕ್ಷೆಯಂತೆ ಕಾಣುವುದು ಆಗ ನಿಲ್ಲಬಹುದು.

ಇದಕ್ಕೆ ಬರುವ ಆಕ್ಷೇಪವನ್ನೂ ಬಲ್ಲೆ. ಅಧೀಕ್ಷಕರ ಹುದ್ದೆಗೆ ಆದ್ಯತೆ ಬಂದ ದಿನವೇ ಆ ಹುದ್ದೆಗೂ ಶಿಫಾರಸು ಪತ್ರಗಳು ಶುರುವಾಗುತ್ತವೆ ಎನ್ನುತ್ತಾರೆ ಒಳಗಿನವರು. ಅದು ನಿಜವಿರಬಹುದು. ಆದರೂ ಶಿಫಾರಸಿನಿಂದ ಬಂದು ಮೂರು ವರ್ಷ ಆಮ್ಲಜನಕದ ಟ್ಯಾಂಕು, ಶವಾಗಾರದ ಕೀಲಿ, ರಾತ್ರಿ ಪಾಳಿಯ ಹಾಜರಿ ನೋಡಿದವರು, ಶಿಫಾರಸಿನಿಂದಲೇ ಬಂದು ಅದ್ಯಾವುದನ್ನೂ ನೋಡದವರಿಗಿಂತ ಮೇಲಲ್ಲವೇ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ.